‘ಇಲ್ಲೇ ಯಾಕೆ?’ ಎಂದು ಕೇಳುವ ಓದು

ಮುಂಬಯಿ, ಜುಲೈ ತಿಂಗಳ ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಇನ್ನೂ ಬಿಟ್ಟಿಲ್ಲ. ಅಂಧೇರಿ ಸಬ್‌ವೇಯ ಬಾಯಿಗೆ ಪೊಲೀಸರು ಅಡ್ಡಗಟ್ಟಿದ್ದಾರೆ. ಒಳಗೆ ನೀರು ಸೊಂಟದ ಮಟ್ಟಕ್ಕೆ ಬಂದಿದೆ. ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕಾದ ರಿಕ್ಷಾಗಳು ಸಾಲುಗಟ್ಟಿ ನಿಂತಿವೆ. ಊಟದ ಡಬ್ಬಿ ಹಿಡಿದವರು, ರೇನ್‌ಕೋಟಿನೊಳಗೆ ಪುಸ್ತಕದ ಚೀಲ ಬಚ್ಚಿಟ್ಟುಕೊಂಡ ಮಕ್ಕಳು, ಹಾಲಿನ ಕ್ರೇಟು ಕಟ್ಟಿದ ಸೈಕಲ್ಲಿನವರು ಎಲ್ಲರೂ ಕೇಳುವುದು ಒಂದೇ ಮಾತು: ನೀರು ಯಾವಾಗ ಇಳಿಯುತ್ತದೆ?

ಆ ಗುಂಪಿನಲ್ಲಿ ಯಾರಾದರೂ ಒಬ್ಬರು ಬೇರೆ ಪ್ರಶ್ನೆ ಕೇಳಬಹುದು: ನೀರು ಇಲ್ಲೇ ಯಾಕೆ ನಿಲ್ಲುತ್ತದೆ? ಮಳೆ ಎಲ್ಲ ಕಡೆ ಬಿದ್ದಿದೆ. ಸ್ವಲ್ಪ ಆಚೆಯ ರಸ್ತೆ ಒದ್ದೆಯಾಗಿದ್ದರೂ ಓಡಾಟ ನಡೆದಿದೆ. ಈ ತಗ್ಗು ಯಾರು ಮಾಡಿದ್ದು, ಇಲ್ಲಿಯ ನೀರಿಗೆ ಹೋಗುವ ದಾರಿ ಯಾವುದಿತ್ತು, ಆ ದಾರಿ ಎಲ್ಲಿ ತಪ್ಪಿತು? ಈ ಎರಡನೆಯ ಪ್ರಶ್ನೆಯನ್ನೇ ಹಿಡಿದುಕೊಂಡು ಮೂರು, ನಾಲ್ಕು ವರ್ಷ ಓದುವುದಕ್ಕೆ ಕಾಲೇಜಿನಲ್ಲಿ ಒಂದು ವಿಷಯವಿದೆ. ಅದರ ಹೆಸರು ಭೂಗೋಳ.

ಅಂಧೇರಿಯ ನಮ್ಮ ಕನ್ನಡಿಗರ ಮದುವೆಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಈ ಹೆಸರು ಬಂದರೆ ಕೇಳುವ ಮಾತು ನನಗೆ ಬಾಯಿಪಾಠವಾಗಿದೆ. “ಭೂಗೋಳ ತಕ್ಕೊಂಡು ಏನ್ ಮಾಡ್ತಾಳೆ ಮಾರಾಯ್ರೆ? ರಾಜಧಾನಿ ಹೆಸ್ರು ಕಲೀಲಿಕ್ಕೆ ಡಿಗ್ರಿ ಬೇಕಾ?” ಹೀಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಶಾಲೆಯಲ್ಲಿ ಅವರು ಕಂಡ ಭೂಗೋಳ ಅಷ್ಟೇ ಇತ್ತು. ಮಹಾರಾಷ್ಟ್ರದ ಹತ್ತನೆಯ ಪರೀಕ್ಷೆಯಲ್ಲಿ ಇತಿಹಾಸದ ಜೊತೆಗೆ ಬರುವ 40 ಅಂಕಗಳ ಪತ್ರಿಕೆ ಅದು. ನದಿಯ ಹೆಸರು ಬರೆ, ಬೆಳೆಯ ಹೆಸರು ಬರೆ, ನಕಾಶೆ ತುಂಬು, ಮುಗಿಯಿತು. ಕಾಲೇಜಿನ ಭೂಗೋಳ ಶುರುವಾಗುವುದು ಆ ಹೆಸರುಗಳೆಲ್ಲ ಮುಗಿದ ಮೇಲೆ.

ಸಬ್‌ವೇ ಹೇಳುವ ಪಾಠ

ಅಂಧೇರಿಯ ಪೂರ್ವಕ್ಕೆ ಪೊವಾಯಿ, ವಿಹಾರ್ ಕಡೆಯ ಗುಡ್ಡಗಳು. ಪಶ್ಚಿಮಕ್ಕೆ ವರ್ಸೋವಾದ ಕಡಲು, ಮಲಾಡ್ ಖಾರಿ ಎಂಬ ಹಿನ್ನೀರು. ಗುಡ್ಡದ ನೀರು ಇಳಿದು ಕಡಲು ಸೇರುವುದು ಇಲ್ಲಿಯ ಸಹಜ ದಾರಿ. ಉತ್ತರ ದಕ್ಷಿಣವಾಗಿ ಹಾಕಿದ ರೈಲು ಹಳಿಯ ದಿಬ್ಬ ಆ ದಾರಿಗೆ ಅಡ್ಡ ಕಟ್ಟಿದ ಒಡ್ಡಿನಂತೆ ನಿಂತಿದೆ. ಆ ಒಡ್ಡಿನ ಕೆಳಗೆ ವಾಹನ ನುಸುಳಲೆಂದು ತೋಡಿದ ತಗ್ಗೇ ಸಬ್‌ವೇ. ಸುತ್ತಲಿನ ನೀರಿಗೆ ಅದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಅಲ್ಲಿಂದ ನೀರು ಮೋಗ್ರಾ ನಾಲೆಯ ಮೂಲಕ ಖಾರಿಗೆ ಹೋಗಬೇಕು. ಖಾರಿಯಲ್ಲಿ ಉಬ್ಬರ ಏರಿದ್ದರೆ ಸಮುದ್ರದ ನೀರೇ ಬಾಗಿಲಿಗೆ ಬಂದು ನಿಂತಿರುತ್ತದೆ. ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ: ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ದೊಡ್ಡದು. 4.5 ಮೀಟರ್ ದಾಟುವ ಉಬ್ಬರದ ದಿನಗಳ ಪಟ್ಟಿ ಮುಂಬಯಿಯಲ್ಲಿ ಮಳೆಗಾಲಕ್ಕೆ ಮೊದಲೇ ಹೊರಬೀಳುವುದು ಇದೇ ಕಾರಣಕ್ಕೆ. ಅಂಥ ಹೊತ್ತಿಗೆ ಸರಿಯಾಗಿ ಜೋರು ಮಳೆ ಬಂದರೆ ನೀರಿಗೆ ಎತ್ತಲೂ ದಾರಿಯಿಲ್ಲ. ನಗರದ ಹಳೆಯ ಚರಂಡಿಗಳನ್ನು ಕಟ್ಟಿದ್ದೂ ಇಳಿತದ ಹೊತ್ತಿನಲ್ಲಿ ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕಕ್ಕೆ. ಅದನ್ನು 50 ಮಿ.ಮೀ.ಗೆ ಏರಿಸುವ ಬ್ರಿಮ್‌ಸ್ಟೋವಾಡ್ ಯೋಜನೆ ಜೋರು ಹಿಡಿದದ್ದು 2005ರ ಪ್ರಳಯದ ನಂತರ.

ಆ ಪ್ರಳಯವನ್ನು ನೋಡಿದವರು ಯಾರೂ ಮರೆತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬರುವ ಮಳೆ ಹೆಚ್ಚುಕಡಿಮೆ ಇಷ್ಟೇ. ಅದೇ ಹೊತ್ತಿನಲ್ಲಿ ದಕ್ಷಿಣಕ್ಕೆ 25 ಕಿಲೋಮೀಟರ್ ದೂರವಿಲ್ಲದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಒಂದೇ ನಗರ, ಒಂದೇ ದಿನ. ಕೋಟೆ ಭಾಗದ ಕಚೇರಿಗಳಲ್ಲಿ ಕುಳಿತವರಿಗೆ ಉಪನಗರ ಮುಳುಗಿದ್ದು ಕೆಲಸ ಮುಗಿಸಿ ರೈಲು ಹಿಡಿಯಲು ಬಂದಾಗಲೇ ಗೊತ್ತಾಯಿತು.

ಭೂಗೋಳದ ವಿದ್ಯಾರ್ಥಿ ಮೋಡ ನೋಡಿದ ಮೇಲೆ ನೆಲವನ್ನೂ ನೋಡುತ್ತಾನೆ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟುವ ಮಿಠಿ ನದಿ ಸಾಕಿನಾಕಾ ಹಾದು, ವಿಮಾನ ನಿಲ್ದಾಣದ ರನ್‌ವೇ ಅಡಿಯಲ್ಲಿ ನುಸುಳಿ, ಕುರ್ಲಾ ಸುತ್ತಿ ಮಾಹಿಮ್‌ನಲ್ಲಿ ಕಡಲು ಸೇರುತ್ತದೆ. ಉದ್ದ 18 ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೆ ಅದರ ದಂಡೆಯ ಜೌಗು, ಕಾಂಡ್ಲಾ ಕಾಡು ಮಣ್ಣಿನಡಿ ಹೋಗಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಎದ್ದಿತು, ಎರಡೂ ಬದಿ ಗೋಡೆ ಎದ್ದವು, ಖೋಲಿಗಳು ಎದ್ದವು. ನೂರಾರು ಜನರ ಜೀವ ತೆಗೆದ ಆ ದಿನಕ್ಕೆ ಮಳೆಯನ್ನು ಮಾತ್ರ ದೂರಿದರೆ ಅರ್ಧ ಸತ್ಯ ಹೇಳಿದಂತೆ. ಉಳಿದರ್ಧ ನಕಾಶೆಯಲ್ಲಿದೆ.

ಮೇಜಿನ ಮೇಲೆ ಹರಡಿದ ಊರು

ಕಲಾ ವಿಭಾಗದ ವಿಷಯಗಳಲ್ಲಿ ಪ್ರಾಕ್ಟಿಕಲ್ ಇರುವುದು ಬೆರಳೆಣಿಕೆಯಷ್ಟಕ್ಕೆ. ಭೂಗೋಳ ಅದರಲ್ಲೊಂದು. ಅದರ ಪ್ರಯೋಗಾಲಯದಲ್ಲಿ ಆಸಿಡ್ ವಾಸನೆಯಿಲ್ಲ. ಉದ್ದನೆಯ ಮೇಜುಗಳು, ಗೋಡೆಗೆ ಸುರುಳಿ ನಕಾಶೆಗಳು, ಬೀರುವಿನಲ್ಲಿ ಪ್ರಿಸ್ಮ್ಯಾಟಿಕ್ ಕಂಪಾಸು, ಡಂಪಿ ಲೆವೆಲ್, ಸ್ಟೀರಿಯೋಸ್ಕೋಪು. ಈ ಕೊನೆಯದನ್ನು ಮೊದಲ ಸಲ ನೋಡುವ ವಿದ್ಯಾರ್ಥಿಯ ಮುಖ ನೋಡಬೇಕು. ವಿಮಾನದಿಂದ ತೆಗೆದ ಎರಡು ಚಪ್ಪಟೆ ಫೋಟೋಗಳು ಪಕ್ಕಪಕ್ಕದಲ್ಲಿರುತ್ತವೆ. ಎರಡು ಮಸೂರದ ಮೂಲಕ ಕಣ್ಣು ಹೊಂದಿಸುತ್ತ ಹೋದರೆ, ಒಂದು ಕ್ಷಣದಲ್ಲಿ ಎರಡೂ ಕೂಡಿಕೊಂಡು ಗುಡ್ಡ ಮೇಲೆದ್ದು ನಿಲ್ಲುತ್ತದೆ, ಕಣಿವೆ ಕೆಳಗಿಳಿಯುತ್ತದೆ.

ವಿದ್ಯಾರ್ಥಿಗಳ ಹೆಚ್ಚಿನ ಹೊತ್ತು ಹೋಗುವುದು ಟೋಪೋಶೀಟ್ ಎಂಬ ಹಾಳೆಯ ಮೇಲೆ. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ದೇಶವನ್ನೆಲ್ಲ ಚೌಕ ಮಾಡಿ, ಚೌಕಕ್ಕೊಂದು ನಂಬರು ಕೊಟ್ಟು ಇಂಥ ಹಾಳೆಗಳನ್ನು ಮಾಡಿದೆ. ಹಳೆಯ ಕ್ರಮದಲ್ಲಿ ಅಂಧೇರಿ ಬರುವುದು 47ಎ/16ರಲ್ಲಿ. 19 ಡಿಗ್ರಿ ಅಕ್ಷಾಂಶ ಪರಳದ ಆಸುಪಾಸಿನಲ್ಲಿ ಹಾದುಹೋಗುವುದರಿಂದ ಅದರ ದಕ್ಷಿಣಕ್ಕಿರುವ ಮುಂಬಯಿ ಬೇರೆ ಹಾಳೆಗೆ, 47ಬಿ/13ಕ್ಕೆ, ಸೇರಿದೆ.

ಪ್ರಮಾಣ 1:50,000. ಅಂದರೆ ಹಾಳೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ನೀರು ನೀಲಿ, ಕಾಡು ಹಸಿರು, ಸಾಗುವಳಿ ಹಳದಿ, ಎತ್ತರ ತೋರುವ ಸಮೋನ್ನತಿ ರೇಖೆ ಕಂದು. ಒಂದು ಕಂದು ಗೆರೆಗೂ ಮುಂದಿನದಕ್ಕೂ 20 ಮೀಟರ್ ಏರು. ಗೆರೆಗಳು ದೂರ ದೂರ ಇದ್ದರೆ ನಿಧಾನದ ಇಳಿಜಾರು, ಒತ್ತೊತ್ತಾಗಿದ್ದರೆ ಕಡಿದು. ಅಂಕುಡೊಂಕಿನ ನದಿಯನ್ನು ಅಳೆಯುವುದಕ್ಕೆ ಸ್ಕೇಲು ಒದಗುವುದಿಲ್ಲ. ಹೊಲಿಗೆಯ ನೂಲನ್ನು ಒದ್ದೆ ಮಾಡಿ ಮಿಠಿಯ ನೀಲಿ ಗೆರೆಯ ಮೇಲೆ ತಿರುವು ತಿರುವಿಗೂ ಬೆರಳೊತ್ತಿ ಕೂರಿಸುತ್ತಾರೆ, ಆಮೇಲೆ ನೂಲನ್ನು ನೇರ ಹಿಡಿದು ಸ್ಕೇಲಿನ ಮೇಲಿಡುತ್ತಾರೆ. ಇಳಿಜಾರಿನ ಸೀಳುನೋಟ ಬೇಕಾದರೆ ಗೆರೆಗಳಿಗೆ ಅಡ್ಡವಾಗಿ ಕಾಗದದ ಪಟ್ಟಿ ಇಟ್ಟು, ಒಂದೊಂದು ಗೆರೆ ತಾಗಿದಲ್ಲೂ ಪೆನ್ಸಿಲಿನಿಂದ ಚುಕ್ಕಿ ಹಾಕಿ, ಚುಕ್ಕಿಗಳನ್ನು ಗ್ರಾಫ್ ಹಾಳೆಗೆ ಏರಿಸುತ್ತಾರೆ. ಜರ್ನಲಿನಲ್ಲಿ ಈ ಚಿತ್ರ ಬರೆದವರು ಮುಂದೆ ಯಾವ ರಸ್ತೆಯಲ್ಲಿ ನಡೆದರೂ ನೀರು ಯಾವ ಕಡೆ ಓಡುತ್ತದೆಂದು ಅವರ ಕಾಲಿಗೇ ತಿಳಿಯುತ್ತದೆ.

ಇಷ್ಟೆಲ್ಲ ಕಂಪ್ಯೂಟರಿನಲ್ಲಿ ಆಗುವಾಗ ಪೆನ್ಸಿಲ್ ಯಾಕೆ ಎಂದು ಕೇಳಬಹುದು. ಕಂಪ್ಯೂಟರೂ ಈಗ ಪಾಠದ ಭಾಗವೇ. ಉಪಗ್ರಹ ಚಿತ್ರ, ಜಿಐಎಸ್ ಎನ್ನುವ ಪದರು ಪದರಿನ ನಕಾಶೆ, ಪುಕ್ಕಟೆ ಸಿಗುವ ಕ್ಯೂಜಿಐಎಸ್ ತಂತ್ರಾಂಶ, ಇಸ್ರೋದ ಭುವನ್ ಜಾಲತಾಣ ಎಲ್ಲವೂ ಇವೆ. ಆದರೆ ಕೈಯಲ್ಲಿ ಒಮ್ಮೆ ಬರೆಯದವರಿಗೆ ಯಂತ್ರ ಕೊಟ್ಟ ನಕಾಶೆ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಪೆನ್ಸಿಲನ್ನು ಬಿಡಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಆರು ಮೂಲೆಯ ಕಂಬಗಳು

ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಇದೆ. ಕಟ್ಟಡಗಳ ನಡುವೆ ಸುಮಾರು 60 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತ ಕಪ್ಪು ಬಂಡೆ, ತಲೆಯ ಮೇಲೆ ಗಾವ್‌ದೇವಿಯ ಗುಡಿ. ನವರಾತ್ರಿಗೆ ಮೆಟ್ಟಿಲು ಹತ್ತುವ ನಮ್ಮವರು ಬಹಳ ಮಂದಿ. ಹತ್ತುವಾಗ ಒಮ್ಮೆ ಪಕ್ಕದ ಕಲ್ಲನ್ನು ನೋಡಿ. ಉದ್ದನೆಯ ಕಂಬಗಳನ್ನು ಒತ್ತಾಗಿ ಜೋಡಿಸಿ ನಿಲ್ಲಿಸಿದಂತಿದೆ.

ಸುಮಾರು 6.5 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಬಿರಿದು ಲಾವಾ ಉಕ್ಕಿತು. ದಪ್ಪನೆಯ ಲಾವಾ ನಿಧಾನವಾಗಿ ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳ ಬಿರುಕು ಬಿಡುತ್ತದಲ್ಲ, ಹಾಗೆ. ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು ಬಂಡೆ ಕಂಬ ಕಂಬವಾಯಿತು, ಬಹುಮಟ್ಟಿಗೆ ಐದಾರು ಮೂಲೆಯ ಕಂಬಗಳಾಯಿತು. ಅಮೆರಿಕದ ವಯೋಮಿಂಗ್ ರಾಜ್ಯದ ಡೆವಿಲ್ಸ್ ಟವರ್ ನೋಡಲು ಜನ ಖರ್ಚು ಮಾಡಿಕೊಂಡು ಹೋಗುತ್ತಾರೆ. ಅದೇ ಬಗೆಯ ಕಂಬಗಳ ಬಂಡೆ ನಮ್ಮ ಸ್ಟೇಷನ್ನಿನಿಂದ ರಿಕ್ಷಾ ದೂರದಲ್ಲಿದೆ, ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ಕಲ್ಲುಗಣಿಗೆ ಸಿಕ್ಕಿ ಅದರ ಎಷ್ಟೋ ಭಾಗ ಹೋಗಿದೆ. ಉಳಿದದ್ದು ಉಳಿಯಬೇಕು.

ಅದೇ ಲಾವಾದ ಹಾಸು ದಕ್ಷಿಣಕ್ಕೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರವರೆಗೂ ಹಬ್ಬಿದೆ. ಜೋಳ, ಹತ್ತಿ ಬೆಳೆಯುವ ಅಲ್ಲಿಯ ಎರೆ ಮಣ್ಣು ಆ ಕಪ್ಪು ಕಲ್ಲು ಸವೆದು ಆದದ್ದು. ವಿಜಯಪುರದಿಂದ ಬಂದ ಮನುಷ್ಯ ಗಿಲ್ಬರ್ಟ್ ಹಿಲ್ ಹತ್ತಿದರೆ ತನ್ನ ಹೊಲದ ತಾಯಿಯ ಮೇಲೆಯೇ ನಿಂತ ಹಾಗೆ. ಉಡುಪಿಯವರಿಗೆ ಕಂಬದ ಕಲ್ಲು ಹೊಸದಲ್ಲ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ನೋಡಿದ್ದಾರೆ. ಆದರೆ ಆ ಕಲ್ಲು ಇದಕ್ಕಿಂತ ಹಳೆಯದು. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷದ ಹಿಂದಿನದು. ನೋಟಕ್ಕೆ ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ನಡುವೆ ಎರಡು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರವಿದೆ.

ಆರು ಮೂಲೆ ಭೂಗೋಳದಲ್ಲಿ ಇನ್ನೊಂದು ಕಡೆ ಬರುತ್ತದೆ, ಅದೂ ಮನುಷ್ಯರ ಲೆಕ್ಕದಲ್ಲಿ. 1933ರಲ್ಲಿ ವಾಲ್ಟರ್ ಕ್ರಿಸ್ಟಾಲರ್ ಎಂಬ ಜರ್ಮನ್ ವಿದ್ವಾಂಸ ದಕ್ಷಿಣ ಜರ್ಮನಿಯ ಪೇಟೆಗಳನ್ನು ಇಟ್ಟುಕೊಂಡು ಒಂದು ವಿಚಾರ ಮಂಡಿಸಿದ. ಪ್ರತಿ ಪೇಟೆಗೂ ಗಿರಾಕಿ ಬರುವ ಒಂದು ಸುತ್ತಳತೆ ಇರುತ್ತದೆ. ಆ ಸುತ್ತಳತೆಗಳನ್ನು ನಡುವೆ ಸಂದು ಬಿಡದೆ ಜೋಡಿಸಿದರೆ ಜೇನುಗೂಡಿನ ಹಾಗೆ ಆರು ಮೂಲೆ ಆಗುತ್ತದೆ. ಚಿಕ್ಕ ಪೇಟೆಗಳು ಹೆಚ್ಚು, ದೊಡ್ಡವು ಕಡಿಮೆ. ಅಂಧೇರಿಯಲ್ಲೇ ನೋಡಬಹುದು. ಇಡ್ಲಿ ಹೋಟೆಲು ನಾಲ್ಕು ಗಲ್ಲಿಗೊಂದು ನಡೆಯುತ್ತದೆ. ಸೀರೆ ಅಂಗಡಿಗೆ ಸ್ಟೇಷನ್ ರೋಡೇ ಬೇಕು. ದೊಡ್ಡ ಆಸ್ಪತ್ರೆಗೆ ಇಡೀ ಉಪನಗರದ ಜನ ಬೇಕು. ಹೋಟೆಲಿನ ಜಾಗ ಹುಡುಕಲು ವಾರಗಟ್ಟಲೆ ಸ್ಟೇಷನ್ ಸುತ್ತಿ ‘ಈ ಮೂಲೆಯಲ್ಲಿ ಗಿರಾಕಿ ಇದೆ’ ಎಂದು ಹೇಳುತ್ತಿದ್ದ ನಮ್ಮ ಹಿರಿಯರು ಕ್ರಿಸ್ಟಾಲರನ ಹೆಸರು ಕೇಳದೆ ಅವನ ಲೆಕ್ಕ ಮಾಡಿದವರು.

ಧಾರವಾಡದ ನಂಟು

ಈ ವಿಷಯ ಮುಂಬಯಿಗೆ ಬಂದು ಬಹುಕಾಲವಾಯಿತು. 1831ರಲ್ಲೇ ಇಲ್ಲಿ ಬಾಂಬೆ ಜಿಯೋಗ್ರಾಫಿಕಲ್ ಸೊಸೈಟಿ ಹುಟ್ಟಿತ್ತು. ಕೆಂಪು ಸಮುದ್ರ, ಪರ್ಶಿಯಾ ಕೊಲ್ಲಿ ಅಳೆಯುತ್ತಿದ್ದ ನೌಕಾಧಿಕಾರಿಗಳ ವರದಿಗಳು ಅದರಲ್ಲಿ ಅಚ್ಚಾಗುತ್ತಿದ್ದವು. 1873ರಲ್ಲಿ ಅದು ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಲ್ಲಿ ಸೇರಿಹೋಯಿತು. ಕಾಲೇಜಿನ ವಿಭಾಗವಾಗಿ ಭೂಗೋಳ ಭಾರತದಲ್ಲಿ ಬೇರೂರಿದ್ದು ಮಾತ್ರ 1920ರ ನಂತರ, ಲಾಹೋರ್ ಮತ್ತು ಅಲೀಗಢದಲ್ಲಿ.

ಧಾರವಾಡದ ಕರ್ನಾಟಕ ಕಾಲೇಜು ಆಗ ಮುಂಬಯಿ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಹೋಯಿತು. ಈ ನಂಟಿನ ನೆನಪಾಗಿ ಒಂದು ಪುಸ್ತಕವಿದೆ: ಸಿ.ಡಿ. ದೇಶಪಾಂಡೆಯವರ ‘ವೆಸ್ಟರ್ನ್ ಇಂಡಿಯಾ’. ಪಶ್ಚಿಮ ಭಾರತದ ಪ್ರಾದೇಶಿಕ ಭೂಗೋಳವನ್ನು ನೆಲ, ಮಳೆ, ಬೆಳೆ, ಊರು ಎಂದು ಒಟ್ಟಿಗೆ ಹಿಡಿದ ಈ ಕೃತಿ ಅಚ್ಚಾದದ್ದು 1948ರಲ್ಲಿ, ಧಾರವಾಡದಲ್ಲಿ. ಅವರು ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಪ್ರಾಧ್ಯಾಪಕರಾದರು.

ಅದೇ ವಿಭಾಗದ ಇನ್ನೊಬ್ಬ ಪ್ರಾಧ್ಯಾಪಕ ಬಿ. ಅರುಣಾಚಲಂ ಅವರನ್ನು ನಮ್ಮ ಮೊಗವೀರ ಬಂಧುಗಳು ವಿಶೇಷವಾಗಿ ತಿಳಿದಿರಬೇಕು. ಯಂತ್ರ ಬರುವ ಮುಂಚಿನ ನಾವಿಕರು ನಕ್ಷತ್ರ, ಗಾಳಿ, ನೀರಿನ ಬಣ್ಣ ನೋಡಿ ಕಡಲಲ್ಲಿ ದಾರಿ ಹಿಡಿಯುತ್ತಿದ್ದ ವಿದ್ಯೆಯನ್ನು ಅವರು ನಾವಿಕರ ಹತ್ತಿರವೇ ಕುಳಿತು, ಅವರ ಹಳೆಯ ಕೈಬರಹಗಳನ್ನು ಓದಿ ಸಂಗ್ರಹಿಸಿದರು. ಓದುಬರಹವಿಲ್ಲದವರೆಂದು ಜನ ಕರೆದವರ ತಿಳಿವಳಿಕೆ ವಿಶ್ವವಿದ್ಯಾಲಯದ ವಿಷಯವಾಯಿತು.

ವಿಭಾಗ ಈಗ ಇರುವುದು ಕಲೀನಾದ ವಿದ್ಯಾನಗರಿಯಲ್ಲಿ. ಅದೇ ಆವರಣದಲ್ಲಿ ಕನ್ನಡ ವಿಭಾಗವೂ ಇದೆ.

ನಮ್ಮದೇ ವಲಸೆ, ಪಠ್ಯದಲ್ಲಿ

ಮೊದಲ ವರ್ಷ, ಅಂದರೆ ಇಲ್ಲಿಯ ಮಕ್ಕಳ ಬಾಯಲ್ಲಿ ಎಫ್‌ವೈ, ನೆಲ, ಗಾಳಿ, ನೀರಿನ ಪಾಠಗಳಿಂದ ಶುರುವಾಗುತ್ತದೆ. ಎಸ್‌ವೈ, ಟಿವೈಗೆ ಬರುವಷ್ಟರಲ್ಲಿ ಜನಸಂಖ್ಯೆ, ವಸತಿ, ಕೃಷಿ, ಉದ್ಯಮ, ಸಂಖ್ಯಾಶಾಸ್ತ್ರ, ಕ್ಷೇತ್ರಕಾರ್ಯ ಸೇರಿಕೊಳ್ಳುತ್ತವೆ. 2020ರ ಹೊಸ ಶಿಕ್ಷಣ ನೀತಿಯ ಮೇಲೆ ನಾಲ್ಕು ವರ್ಷದ ಪದವಿ ಬಂದಿದೆ. ಭೂಗೋಳವನ್ನು ಮುಖ್ಯ ವಿಷಯವಾಗಿಯೂ ಬೇರೆ ವಿಷಯದ ಜೊತೆಗೆ ಮೈನರ್ ಆಗಿಯೂ ಓದಬಹುದು.

ವಲಸೆಯ ಪಾಠಕ್ಕೆ ಬಂದಾಗ ನಮ್ಮ ಮನೆಗಳ ಮಕ್ಕಳಿಗೆ ಉದಾಹರಣೆ ಹುಡುಕುವ ಶ್ರಮವಿಲ್ಲ. ಕುಂದಾಪುರದ ಕಡೆಯ ಒಬ್ಬ ಹುಡುಗ ಮಾವನ ಹೋಟೆಲಿಗೆ ಬರುತ್ತಾನೆ. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋಗಿ, ಹೋಟೆಲಿನಲ್ಲೇ ಮಲಗುತ್ತಾನೆ. ಕೆಲವು ವರ್ಷಕ್ಕೆ ಮರೋಳದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೋ 1973ರಲ್ಲಿ ಶುರುವಾದ ರಫ್ತು ವಲಯ ಸೀಪ್ಝ್‌ನಲ್ಲೋ ಕ್ಯಾಂಟೀನ್ ಹಿಡಿಯುತ್ತಾನೆ. ಅಣ್ಣನ ಮಗನನ್ನು ಕರೆಸುತ್ತಾನೆ. ಒಬ್ಬರ ಹಿಂದೆ ಒಬ್ಬರು ಹೀಗೆ ಬರುವುದಕ್ಕೆ ಪಠ್ಯದಲ್ಲಿ ಸರಪಳಿ ವಲಸೆ ಎಂದು ಹೆಸರು. ದೂರ ಹೋಗುವ ವಲಸಿಗ ದೊಡ್ಡ ವ್ಯಾಪಾರದ ಊರನ್ನೇ ಆರಿಸಿಕೊಳ್ಳುತ್ತಾನೆಂದು ಭೂಗೋಳಜ್ಞ ರಾವೆನ್‌ಸ್ಟೀನ್ 1885ರಲ್ಲಿ ಬರೆದದ್ದು ನಮ್ಮವರ ವಿಚಾರದಲ್ಲಿ ಅಕ್ಷರಶಃ ಸರಿ. 1998ರಲ್ಲಿ 741 ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಕಿಲೋಮೀಟರ್ ಅಷ್ಟೇ ಇದ್ದರೂ ದೂರ ಕಡಿಮೆಯಾಗುವುದು ಹೇಗೆಂಬುದು ಕೂಡ ಭೂಗೋಳದ ಪ್ರಶ್ನೆಯೇ.

ಹೊಟ್ಟೆಪಾಡಿನ ಮಾತು

ಇದನ್ನು ಮುಚ್ಚಿಡಬಾರದು: ಬರೀ ಬಿ.ಎ. ಭೂಗೋಳದಿಂದ ಒಳ್ಳೆಯ ಕೆಲಸ ತಟ್ಟನೆ ಸಿಗುವುದಿಲ್ಲ. ಮುಂದೆ ಎರಡು ವರ್ಷ ಹೂಡಬೇಕು. ಎಂ.ಎ. ಮಾಡಿ ನೆಟ್, ಸೆಟ್ ಬರೆದು ಅಧ್ಯಾಪಕರಾಗಬಹುದು. ಬಿ.ಎಡ್. ಮಾಡಿ ಶಾಲೆ ಸೇರಬಹುದು. ಜಿಐಎಸ್, ದೂರಸಂವೇದಿಯಲ್ಲಿ ಡಿಪ್ಲೊಮಾ ಮಾಡಿದವರಿಗೆ ನಗರ ಯೋಜನೆ, ವಿಮೆ, ಸಾಗಾಟ, ವಿಪತ್ತು ನಿರ್ವಹಣೆಯಲ್ಲಿ ಜಾಗವಿದೆ. ಇಸ್ರೋದ ಅಡಿಯಲ್ಲಿರುವ ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ ಇದಕ್ಕೆ ಹೆಸರಾದದ್ದು. ಯುಪಿಎಸ್‌ಸಿ ಪರೀಕ್ಷೆಯಲ್ಲಿ ಭೂಗೋಳ 500 ಅಂಕಗಳ ಐಚ್ಛಿಕ ವಿಷಯ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕಾಶೆ ಮಾಡುವುದರ ಮೇಲಿನ ಹಳೆಯ ಕಟ್ಟುಪಾಡುಗಳನ್ನು ಬಹಳಷ್ಟು ಸಡಿಲಿಸಿದ ಮೇಲೆ ಖಾಸಗಿಯವರಿಗೂ ದಾರಿ ತೆರೆದಿದೆ.

ಇದು ನಮ್ಮಿಂದ ದೂರದ ಮಾತೂ ಅಲ್ಲ. ಅಂಧೇರಿಯಲ್ಲಿ ಕುಳಿತು ಊರಿನ ತೋಟದ ಸರ್ವೆ ನಂಬರು ಫೋನಿನಲ್ಲಿ ‘ದಿಶಾಂಕ್’ ತೆರೆದು ನೋಡುವವರು ನಮ್ಮಲ್ಲಿದ್ದಾರೆ. ಅದನ್ನು ಮಾಡಿದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಗಡಿಕಲ್ಲಿನ ಜಗಳಕ್ಕೆ ಆಕಾಶದಿಂದ ಉತ್ತರ ತೆಗೆಯುವ ಆ ಕೆಲಸ ನಿಂತಿರುವುದು ಇದೇ ವಿದ್ಯೆಯ ಮೇಲೆ.

ಕಾಲೇಜು ಆರಿಸುವವರಿಗೆ ನನ್ನ ಮಾತು ಒಂದೇ. ಬರೀ ಅಂಕದ ಕಟ್‌ಆಫ್ ನೋಡಿ ಬರಬೇಡಿ, ಪ್ರಯೋಗಾಲಯದ ಬಾಗಿಲು ತೆರೆಸಿ ನೋಡಿ. ಹಾಳೆಗಳು ಬಳಸಿ ಮಾಸಿವೆಯೇ, ಬೀರುವಿನಲ್ಲಿ ಬೀಗದ ಹಿಂದಿವೆಯೇ? ಕ್ಷೇತ್ರಕಾರ್ಯಕ್ಕೆ ಹೋದ ಮಕ್ಕಳು ಅಳತೆ ಮಾಡಿ, ಜನರನ್ನು ಮಾತಾಡಿಸಿ ಬಂದರೇ, ಗಿರಿಧಾಮದಲ್ಲಿ ಫೋಟೋ ತೆಗೆಸಿಕೊಂಡು ಬಂದರೇ? ಉಳಿದ ವಿಷಯಗಳಿಗೆ ಅಂಕ ಸಾಲದವರ ಪಾಲಿಗೆ ಬಿಟ್ಟ ಬೆಂಚು ಎಂಬಂತೆ ಭೂಗೋಳವನ್ನು ನಡೆಸುವ ಕಾಲೇಜುಗಳಿವೆ. ಅಲ್ಲಿ ಕೆಡುವುದು ವಿಷಯದ ಹೆಸರು, ಮಕ್ಕಳ ಮೂರು ವರ್ಷ.

ಅಜ್ಜಿಯ ಹಾಳೆ

ಕಳೆದ ಮಳೆಗಾಲದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಟಿವೈ ಓದುವ ಮೊಮ್ಮಗಳು ವರ್ಸೋವಾದ ಮೀನುಗಾರರ ಕೇರಿ ಕೋಳಿವಾಡಾದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಊಟದ ಮೇಜಿನ ತುಂಬ 47ಎ/16ರ ದೊಡ್ಡ ಪ್ರತಿ. ಮೀನು ಒಣಗಿಸುವ ಅಂಗಳ ಮೊದಲು ಎಲ್ಲಿಯವರೆಗೆ ಇತ್ತೆಂದು ಅಲ್ಲಿಯ ಮುದುಕಿಯರು ತೋರಿಸಿದ ಜಾಗಗಳನ್ನು ಅವಳು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು. ಕೆಲವು ಗುರುತುಗಳು ಈಗ ಕಟ್ಟಡಗಳ ಒಳಗಿದ್ದವು.

ಮಲ್ಪೆಯಲ್ಲಿ ಹುಟ್ಟಿ ಮದುವೆಯಾಗಿ ಅಂಧೇರಿಗೆ ಬಂದ ಅಜ್ಜಿ ಕನ್ನಡಕ ಏರಿಸಿ ಬಗ್ಗಿದರು. ಬೆರಳಿಂದ ಕಡಲಿನ ನೀಲಿಯ ಅಂಚನ್ನು ಹಿಡಿದು ಮೇಲಿನಿಂದ ಕೆಳಗೆ ಬಂದರು. ಹಾಳೆ ಮುಗಿಯಿತು.

“ನಮ್ಮ ಮಲ್ಪೆ ಎಲ್ಲುಂಟು ಮಗಾ ಇದ್ರಲ್ಲಿ?”

“ಅದು ಬೇರೆ ಹಾಳೆ ಅಜ್ಜಿ. 48ಕೆ/11.”

“ದ್ವೀಪವೂ ಉಂಟಾ ಅದ್ರಲ್ಲಿ?”

“ಉಂಟು.”

“ಹಾಗಾದ್ರೆ ಅದನ್ನೂ ತಾ. ಅಲ್ಲಿ ಮೀನು ಎಲ್ಲಿ ಒಣಗಿಸ್ತಿದ್ವು ಅಂತ ನಾನು ತೋರಿಸ್ತೇನೆ.”